ಹೆಸರಿಗೆ ಬಿಟ್ಟ ಜಾಗ

ಸೇಡಂ ಹತ್ತಿರದ ನಮ್ಮ ಕಾರ್ಖಾನೆಯಲ್ಲಿ ಹಾಜರಿ ಪಟ್ಟಿ ಪ್ರಿಂಟ್ ಮಾಡುವ ಶೆಲ್ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮ್ ಬರೆದವರು ಕಂಪ್ಯೂಟರ್ ಸಾಹೇಬರು. ಯಾವ ಕಾಲಮ್ಮಿಗೆ ಎಷ್ಟು ಅಕ್ಷರ ಎಂದು ಹಾಳೆಯ ಮೇಲೆ ಬೆರಳಿಟ್ಟು ಎಣಿಸುತ್ತಿದ್ದರು. "ಮೊದಲ ಜಾಗ ಬಿಡ್ರಿ, ಆಮ್ಯಾಲ ಬರೀರಿ" ಅನ್ನುವುದು ನಮಗೆಲ್ಲ ಅವರ ಪಾಠ.

ಒಂದು ದಿನ ನಾಲವಾರ ಊರಿನ ಹಮಾಲನೊಬ್ಬ ಪಟ್ಟಿ ಹಿಡಿದು ಬಂದ. "ಸಾಹೇಬ್ರ, ನನ್ನ ಹೆಸರಿನಾಗ ನಮ್ಮಪ್ಪನ ಹೆಸರು ಅರ್ಧಕ್ಕ ಕಡದದರಿ."

ಹೆಸರಿಗೆ ಸಾಹೇಬರು ಬಿಟ್ಟಿದ್ದು ಹದಿನೈದೇ ಅಕ್ಷರ. ಮುಖ ಸಣ್ಣದು ಮಾಡಿಕೊಂಡು, "ಕುಂದ್ರಿ, ತಪ್ಪು ನಂದದ" ಎಂದರು.

ಮರುದಿನದ ಪಟ್ಟಿಯಲ್ಲಿ ಎಲ್ಲರ ಹೆಸರೂ ಪೂರ್ತಿ ಇತ್ತು; ಹುದ್ದೆಯ ಕಾಲಮ್ಮೇ ಇರಲಿಲ್ಲ. ಮ್ಯಾನೇಜರ್ ಕರೆಸಿ, "ನನ್ನ ಹುದ್ದೆ ಎಲ್ಲಿ ಹೋತ್ರಿ?" ಎಂದು ಗದರಿದರು.

ಸಾಹೇಬರು ಹಾಳೆಯ ಮೇಲೆ ಬೆರಳಿಟ್ಟು ಎಣಿಸಿದರು. "ಜಾಗ ಸಾಲಲಿಲ್ರಿ. ನಿಮ್ಮ ಹೆಸರು ಪೂರ್ತಿ ಅದ ನೋಡ್ರಿ."