ಮೂರು ಬೆರಳಿನ ಚೂರಿ

೧೯೮೯ರಲ್ಲಿ ನಾನು ಏಳನೇ ತರಗತಿಯನ್ನು ಅರ್ಧಕ್ಕೆ ಬಿಟ್ಟೆ. ಕಾದ ಕಬ್ಬಿಣದ ಕಿಡಿ ಸಿಡಿದು ಅಪ್ಪನ ಬಲಗಣ್ಣು ಹೋಗಿತ್ತು. ಕುಲುಮೆ ಆರಬಾರದೆಂದು ನಾನೇ ಸುತ್ತಿಗೆ ಹಿಡಿದೆ, ಯಾರೂ ಬಲವಂತ ಮಾಡಲಿಲ್ಲ. ಅಂದಿನಿಂದ ಕೊಟ್ಟೂರಿನ ಈ ಕುಲುಮೆಯಲ್ಲಿ ನಾನು ಬಡಿದ ಕುಡುಗೋಲುಗಳು ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಜೋಳ ಕೊಯ್ದಿವೆ. ಬಾಯಿ ಮಡಚಿತು ಅಂತ ಒಂದನ್ನೂ ಯಾರೂ ಹಿಂದಕ್ಕೆ ತಂದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆ ವರ್ಷ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ಓದು ಮುಂದುವರಿಸಿ ಸೈನ್ಯ ಸೇರಿದ. ಹವಾಲ್ದಾರನಾಗಿ ನಿವೃತ್ತನಾಗಿ ಈಗ ಹಗರಿಬೊಮ್ಮನಹಳ್ಳಿಯಲ್ಲಿದ್ದಾನೆ. ಕಳೆದ ವರ್ಷ ಒಂದು ಬೆಳಿಗ್ಗೆ ಬಸ್ಸಿಳಿದು ಕುಲುಮೆಗೆ ಬಂದ. ಬಲಗೈ ಪ್ಯಾಂಟಿನ ಜೇಬಿನಲ್ಲೇ ಇತ್ತು. ನನ್ನ ಹೆಂಡತಿ ಚಹಾ ತಂದಾಗಲೂ ಎಡಗೈ ಚಾಚಿದ. ಅವಳು ಮುಖ ಗಂಟಿಕ್ಕಿದಳು.

"ನನಗೊಂದು ಚೂರಿ ಮಾಡಿ ಕೊಡ್ತೀಯೇನ್ಲೇ?" ಅಂದ.

"ಉಳ್ಳಾಗಡ್ಡಿ ಹೆಚ್ಚಾಕೇನು?"

"ಕಾಳಗದ ಚೂರಿ ಲೇ. ಪಲ್ಟನ್ನಿನಾಗ ಹಿಡೀತಿದ್ವಲ್ಲ, ಅಂಥಾದ್ದು."

"ಈಗ ಯಾರ ಮ್ಯಾಲ ಯುದ್ಧ?"

"ಯಾರ ಮ್ಯಾಲೂ ಇಲ್ಲ. ಇಪ್ಪತ್ತು ವರ್ಷ ದಿನಾ ಮುಂಜಾನೆ ಚೂರಿ ಕವಾಯತು ಮಾಡಿದ ಕೈ, ಸುಮ್ನ ಕೂಡಾಕ ಒಲ್ಲದು." ಹಾಗೆಂದು ಕೈಯನ್ನು ಜೇಬಿನಿಂದ ತೆಗೆದ. ಉಂಗುರಬೆರಳೂ ಕಿರುಬೆರಳೂ ಇರಲಿಲ್ಲ. "ಹಿಮದಾಗ ಹೋದ್ವು. ಅಂಗಡಿ ಚೂರಿ ಹಿಡದ್ರ ಜಾರಿ ಕಾಲ ಮ್ಯಾಲ ಬೀಳ್ತಾವ."

ಹೆಂಡತಿ ಒಳಗೆ ಹೋಗಿ ಇನ್ನೊಂದು ಲೋಟ ಚಹಾ ತಂದಳು.

ಆಮೇಲೆ ಅವನು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾವುದೋ ದೇಶದ ಕಮ್ಮಾರನೊಬ್ಬ ಚೂರಿ ಮಾಡುತ್ತಿದ್ದ. ಅಲಗಿನ ಮೈತುಂಬ ಕೆರೆಯ ನೀರಿನಂಥ ಅಲೆ. ಅದು ಬಣ್ಣವಲ್ಲ. ಎರಡು ಜಾತಿಯ ಉಕ್ಕನ್ನು ಪದರ ಪದರವಾಗಿ ಬೆಸೆದು, ತಿರುಚಿ, ಬಡಿದರೆ ಬರುವ ಗೆರೆ.

"ಇಂಥಾದ್ದು ನಿನ್ನ ಕೈಲೆ ಆಗ್ತೈತೇನು? ಕೆಳಗ ಇಂಗ್ಲಿಷಿನಾಗ ಎಲ್ಲಾ ಬರದಾರ ನೋಡು, ಯಾರ ಹತ್ರಾರ ಓದಿಸಿಕೋ."

ಆ ಮಾತು ನನಗೆ ಚುಚ್ಚಿತು. "ಕಬ್ಬಿಣದ ಕೆಲಸಕ್ಕ ಓದು ಯಾಕಲೇ? ನೋಡಿದ್ರ ಸಾಕು. ಅಮಾಸಿ ಆದ ಮೂರನೇ ದಿನ ಬಾ. ಅಲಿ ಕಾಣಲಿಲ್ಲಂದ್ರ ನಮ್ಮಪ್ಪನ ಸುತ್ತಿಗಿ ನಿನ್ನ ಕೈಯಾಗ ಇಟ್ಟು ಕುಲುಮಿ ಮುಚ್ತೀನಿ" ಅಂದುಬಿಟ್ಟೆ.

ಕುಲುಮೆಗೆ ಮೆತ್ತುವ ಜೇಡಿಮಣ್ಣಿನ ಉಂಡೆಯೊಂದನ್ನು ಅವನ ಬಲಗೈಗೆ ಕೊಟ್ಟು, ಬಿಗಿಯಾಗಿ ಹಿಡಿ ಎಂದೆ.

"ಏನ್ಲೇ, ಗಣಪ್ಪನ್ನ ಮಾಡಾಕತ್ತೀಯೇನು?"

"ಸುಮ್ನ ಹಿಡಿ. ಹಿಡಿಕಿ ಅಳತಿ ಇದು."

ಮೂರು ಬೆರಳು ಮತ್ತು ಅಂಗೈಯ ಅಚ್ಚು ಮಣ್ಣಿನಲ್ಲಿ ಮೂಡಿತು. ಅದನ್ನು ಸುಟ್ಟು ಗಟ್ಟಿ ಮಾಡಿಟ್ಟುಕೊಂಡೆ.

ಹರಪನಹಳ್ಳಿಯ ಗುಜರಿಯಲ್ಲಿ ಲಾರಿಯ ಕಮಾನು ಪಟ್ಟಿ ಸಿಕ್ಕಿತು, ಸಾಮಿಲ್ಲಿನಲ್ಲಿ ತುಂಡಾದ ಗರಗಸದ ಪಟ್ಟಿ. ಒಂದರ ಮೇಲೊಂದು ಹನ್ನೊಂದು ತುಂಡು ಪೇರಿಸಿ, ಬೆಸುಗೆ ಹಿಡಿಯಲೆಂದು ಬಿಳಿಗಾರ ಉದುರಿಸಿ, ಬೆಂಕಿಯಲ್ಲಿ ಬೆಣ್ಣೆಯ ಬಣ್ಣ ಬರುವವರೆಗೆ ಕಾಯಿಸಿ ಬಡಿದೆ. ಕತ್ತರಿಸಿ ಮತ್ತೆ ಪೇರಿಸಿದೆ, ತಿರುಚಿದೆ, ಮತ್ತೆ ಬಡಿದೆ. ತೋಳು ಮೇಲೆತ್ತಿ ತಲೆ ಬಾಚಿಕೊಳ್ಳಲೂ ಆಗದಷ್ಟು ಬಡಿದೆ. ಕೊನೆಗೆ ಅಲಗನ್ನು ಕೆಂಪಗೆ ಕಾಯಿಸಿ, ಕುಡುಗೋಲಿಗೆ ಮಾಡುವ ಹಾಗೆಯೇ ನೀರಿಗೆ ಅದ್ದಿದೆ. ಟಿಣ್ ಎಂದಿತು. ಬೆನ್ನಿನಿಂದ ಬಾಯಿಯವರೆಗೆ ಬಿರುಕು.

ಎರಡು ದಿನ ಕುಲುಮೆ ಹೊತ್ತಿಸಲಿಲ್ಲ. ಮೂರನೆಯ ದಿನ ಮೊದಲಿನಿಂದ ಶುರು ಮಾಡಿದೆ. ಎರಡನೆಯ ಅಲಗನ್ನು ಬಿಸಿ ಮಾಡಿದ ಹೊಂಗೆ ಎಣ್ಣೆಯಲ್ಲಿ ಅದ್ದಿದೆ. ಬಿರುಕು ಬರಲಿಲ್ಲ. ನಮ್ಮ ಸೀಮೆಯ ಕಮರದ ಕಟ್ಟಿಗೆ ಕಬ್ಬಿಣದಷ್ಟೇ ಗಟ್ಟಿ; ಅದನ್ನು ಮಣ್ಣಿನ ಅಚ್ಚಿಗೆ ಸರಿಯಾಗಿ ಅರದಿಂದ ಉಜ್ಜಿ ಹಿಡಿಕೆ ಕೂಡಿಸಿದೆ. ಅಲಗನ್ನು ಮುಖ ಕಾಣುವಷ್ಟು ಹೊಳಪು ಮಾಡಿದೆ.

ಮುಖ ಕಂಡಿತು. ಅಲೆ ಕಾಣಲಿಲ್ಲ. ಬಿಸಿಲಿಗೆ ಹಿಡಿದೆ, ಓರೆ ಮಾಡಿ ನೋಡಿದೆ, ಮತ್ತೆ ಉಜ್ಜಿದೆ. ತಟ್ಟೆಯ ಹಾಗೆ ಬೋಳು. ಬಡಿಯುವಾಗಲೇ ಪದರಗಳು ಕಲಸಿಹೋದವೆಂದು ತಿಳಿದೆ. ಮೂರನೆಯದು ಮಾಡಲು ದಿನವಿರಲಿಲ್ಲ, ಮರುದಿನವೇ ಅಮಾವಾಸ್ಯೆ.

ಅಮಾವಾಸ್ಯೆಗೆ ನಾವು ಕುಲುಮೆ ಹೊತ್ತಿಸುವುದಿಲ್ಲ. ಕಬ್ಬಿಣವಿಟ್ಟು ಬಡಿಯುವ ಅಡಿಗಲ್ಲು, ಸುತ್ತಿಗೆ, ಇಕ್ಕಳ ಎಲ್ಲ ತೊಳೆದು ಪೂಜೆ ಮಾಡುತ್ತೇವೆ. ಹೆಂಡತಿ ಹಡಗಲಿ ಮಲ್ಲಿಗೆಯ ಮಾಲೆಯನ್ನು ಅಡಿಗಲ್ಲಿಗೆ ಹಾಕಿ, ಚೂರಿಗೆ ಕೈ ಚಾಚಿದಳು.

"ಅದನ್ನ ಇಡಬ್ಯಾಡ. ಕೆಟ್ಟ ಕೆಲಸ ಅದು."

"ಕೆಟ್ಟರೂ ನಿಮ್ಮ ಕೈಯಾಗ ಹುಟ್ಟಿದ್ದಲ್ಲೇನ್ರಿ? ಮನಿಯಾಗ ಹುಟ್ಟಿದ್ದನ್ನ ಹೊಸ್ತಿಲ ಹೊರಗ ಇಡಾಕ ಬರ್ತೈತೇನು?"

ಅರಿಸಿನ ಕುಂಕುಮ ಹಚ್ಚಿ, ಪದ್ಧತಿಯಂತೆ ಅಲಗಿನ ತುದಿಗೆ ಒಂದು ನಿಂಬೆಹಣ್ಣು ಚುಚ್ಚಿದಳು. ನಾನು ಆ ಕಡೆ ನೋಡಲಿಲ್ಲ. ಅಪ್ಪನ ಸುತ್ತಿಗೆಯನ್ನೇ ನೋಡುತ್ತ ಕೂತಿದ್ದೆ. ಅದರ ಹಿಡಿಕೆ ಅವನ ಅಂಗೈಗೆ ಸವೆದು, ಆಮೇಲೆ ನನ್ನದಕ್ಕೆ ಸವೆದಿದೆ.

ಮರುದಿನ ಬೆಳಿಗ್ಗೆ ನಿಂಬೆಹಣ್ಣು ಕಿತ್ತು ಒರೆಸಿದರೆ ತುದಿಯ ಎರಡು ಬೆರಳಗಲ ಕಪ್ಪಾಗಿತ್ತು. ಹತ್ತಿರ ಹಿಡಿದೆ. ಕಪ್ಪು, ಬಿಳಿ, ಕಪ್ಪು, ಬಿಳಿ. ರಸ ಇಳಿದಷ್ಟು ಜಾಗದಲ್ಲಿ ಅಲೆ ಎದ್ದಿತ್ತು.

ನಾನು ಕೂಗಿದ್ದಕ್ಕೆ ಹೆಂಡತಿ ಓಡಿ ಬಂದಳು. "ಅಯ್ಯ, ಕಲಿ ಆತೇನ್ರಿ? ತಡೀರಿ, ಹುಣಸಿಹಣ್ಣು ಬೂದಿ ಹಾಕಿ ತಿಕ್ಕಿ ಕೊಡ್ತೀನಿ."

"ಮುಟ್ಟಬ್ಯಾಡ!"

ಆಗ ಹೊಳೆಯಿತು. ವಿಡಿಯೋದಲ್ಲಿ ಆ ಕಮ್ಮಾರ ಕೊನೆಗೆ ಚೂರಿಯನ್ನು ಏನೋ ಒಂದರಲ್ಲಿ ಅದ್ದುತ್ತಾನೆ. ತೊಳೆಯುತ್ತಿದ್ದಾನೆ ಅಂತ ನಾನು ಅಂದುಕೊಂಡಿದ್ದೆ. ಅದು ಹುಳಿ. ಹುಳಿ ಕಮಾನು ಪಟ್ಟಿಯ ಉಕ್ಕನ್ನು ಕಪ್ಪಾಗಿಸುತ್ತದೆ, ಗರಗಸದ ಉಕ್ಕು ಬೆಳ್ಳಗೇ ಉಳಿಯುತ್ತದೆ. ಕೆಳಗೆ ಬರೆದದ್ದೂ ಅದೇ ಇದ್ದೀತು.

ಬಜಾರಿಗೆ ಹೋಗಿ ಅರವತ್ತು ನಿಂಬೆಹಣ್ಣು ಕೇಳಿದೆ. ಮಾರುವವಳು ನನ್ನನ್ನು ಮೇಲೆ ಕೆಳಗೆ ನೋಡಿದಳು. "ಯಾರಿಗ್ರೀ ಇಷ್ಟು ದೃಷ್ಟಿ ಆಗೈತಿ?"

ಒಂದು ಕಡೆ ಮುಚ್ಚಿದ ಪ್ಲಾಸ್ಟಿಕ್ ಪೈಪಿನಲ್ಲಿ ಬೆಚ್ಚಗಿನ ರಸ ತುಂಬಿ ಅಲಗನ್ನು ಇಳಿಬಿಟ್ಟೆ. ಗಂಟೆಗೊಮ್ಮೆ ತೆಗೆದು ಒರೆಸಿದೆ. ಸಂಜೆಯ ಹೊತ್ತಿಗೆ ತುದಿಯಿಂದ ಬುಡದವರೆಗೆ ಗಾಳಿ ಬೀಸಿದ ಕೆರೆ.

ಹೇಳಿದ ದಿನ ಗೆಳೆಯ ಬಂದ. ಚೂರಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. ಬಲಗೈಯಲ್ಲಿ ಹಿಡಿದ. ಅಂಗಳಕ್ಕಿಳಿದು ಕವಾಯತಿನ ಹೆಜ್ಜೆ ಹಾಕಿದ, ಬೀಸಿದ, ತಿರುವಿದ, ಗಕ್ಕನೆ ನಿಲ್ಲಿಸಿದ. ಜಾರಲಿಲ್ಲ. ಬೆವರು ಒರೆಸಿಕೊಳ್ಳುವ ಹಾಗೆ ಕಣ್ಣೊರೆಸಿಕೊಂಡ.

"ಭಾರಿ ಮಾಡೀಯಲೇ. ಯಾರ ಹತ್ರ ಓದಿಸಿಕೊಂಡಿ?"

ನೋಡಿಯೇ ಕಲಿತೆ ಅನ್ನಬಹುದಿತ್ತು, ಅವನು ನಂಬುತ್ತಿದ್ದ. ಆದರೆ ನನ್ನದಲ್ಲದ ಕೆಲಸವನ್ನು ನನ್ನದೆಂದು ಈವರೆಗೆ ಮಾರಿಲ್ಲ. ನಡೆದದ್ದನ್ನೆಲ್ಲ ಹೇಳಿ ಅಪ್ಪನ ಸುತ್ತಿಗೆಯನ್ನು ಅವನ ಮುಂದಿಟ್ಟೆ. "ಅಲಿ ತೋರಿಸಿದ್ದು ನಾನಲ್ಲ. ತಗೋ."

ಅವನು ನಕ್ಕ. "ಬಡದಾವ ನೀನಲ್ಲೇನಲೇ? ಪದರ ಇಲ್ಲಂದ್ರ ನಿಂಬಿಹಣ್ಣು ಏನು ತೋರಿಸ್ತಿತ್ತು? ಕೊಡೂದಾದ್ರ ನಮ್ಮ ತಂಗಿಗಿ ಕೊಡು. ಗೆದ್ದಾಕಿ ಅಕಿ."

"ನನಗ್ಯಾಕಣ್ಣಾ ಸುತ್ತಿಗಿ?" ಅಂದಳು ಬಾಗಿಲಲ್ಲಿ ನಿಂತ ಹೆಂಡತಿ. "ಅರವತ್ತು ನಿಂಬಿಹಣ್ಣಿನ ಸಿಪ್ಪಿ ಬಿದ್ದೈತಿ, ಉಪ್ಪಿನಕಾಯಿ ಹಾಕೀನಿ. ಒಯ್ಯಿರಿ." ಬೇಡ ಅಂದಳೇ ಹೊರತು ಸುತ್ತಿಗೆಯನ್ನು ಒಳಗೆ ಒಯ್ದು ದೇವರ ಗೂಡಿನ ಪಕ್ಕ ಇಟ್ಟಳು. ಬೇಕಾದಾಗ ಅವಳನ್ನು ಕೇಳಿ ತೆಗೆದುಕೊಳ್ಳುತ್ತೇನೆ.

ಹೋಗುವಾಗ ಗೆಳೆಯ ಉಪ್ಪಿನಕಾಯಿ ಡಬ್ಬಿಯನ್ನು ಬಲಗೈಯಲ್ಲೇ ತೆಗೆದುಕೊಂಡ.

ಈಗ ನನ್ನಲ್ಲಿರುವುದು: ಕುಲುಮೆ ಒಂದು, ಅಡಿಗಲ್ಲು ಎರಡು, ಇಕ್ಕಳ ಹನ್ನೊಂದು, ಬಿರುಕು ಬಿಟ್ಟ ಅಲಗು ಒಂದು, ಮೂರು ಬೆರಳಿನ ಅಚ್ಚಿರುವ ಸುಟ್ಟ ಮಣ್ಣಿನ ಉಂಡೆ ಒಂದು. ಸುತ್ತಿಗೆ ಆರು. ಏಳನೆಯದು ಹೆಂಡತಿಯದು.