ಒಂದೇ ಜೋಗುಳಕ್ಕೆ ಇಬ್ಬರು ಒಡತಿಯರು

ಗೆಳೆಯರೇ, ಇವತ್ತು ರಾಯದುರ್ಗದ ನಮ್ಮ ಮನೆಯಲ್ಲಿ ಕಾಪಿರೈಟ್ ಜಗಳ ಆಯಿತು. ದೊಡ್ಡಮ್ಮ ಹಾಡಿದ ಜೋಗುಳದ ವಿಡಿಯೋವನ್ನು ಬೆಳಿಗ್ಗೆ ಹಾಕಿದ್ದೆ. ಮಧ್ಯಾಹ್ನ, ವಿಡಿಯೋದ ಕೆಳಗೆ ಕೊಟ್ಟಿದ್ದ ನನ್ನ ನಂಬರಿಗೆ ಮಡಕಶಿರದಿಂದ ಒಬ್ಬ ಅಜ್ಜಿಯ ಫೋನ್ ಬಂತು.

"ಅದು ನಮ್ಮವ್ವ ಕಟ್ಟಿದ್ ಹಾಡು ಕಣಪ್ಪ. ತೆಗ್ದಾಕು."

ದೊಡ್ಡಮ್ಮ ಫೋನ್ ಕಸಿದುಕೊಂಡಳು. "ಯಾಕ ತೆಗೀಬೇಕ್ರಿ? ನಮ್ಮತ್ತಿ ಕಲಿಸಿದ್ದದು!"

ಪಕ್ಕದ ಮನೆಯ ವಕೀಲರು ಅಲ್ಲೇ ಕೂತಿದ್ದರು. ಕಾಪಿರೈಟ್ ಕಾನೂನಿನ ತಿದ್ದುಪಡಿಗೆ ಅವರ ಸಂಘ ಅಭಿಪ್ರಾಯ ಕಳಿಸಬೇಕಂತೆ. ಇಂಟರ್‌ನೆಟ್ಟಿನಲ್ಲಿ ಜನಪದ ಹಾಡು ಎಲ್ಲರದೂ ಆಗಿರಲಿ ಅನ್ನುವುದು ಒಂದು ಸಲಹೆ. ಉಳಿಸಿಕೊಂಡು ಬಂದವರ ಅನುಮತಿ ಕೇಳಲೇಬೇಕು ಅನ್ನುವುದು ಇನ್ನೊಂದು.

"ಇಬ್ಬರೂ ಪೂರ್ತಿ ಹಾಡ್ರಿ, ಯಾರದು ಅಂತ ನೋಡೋಣು" ಅಂದರು.

ಸ್ಪೀಕರ್ ಹಾಕಿದೆ. ಮೊದಲ ನುಡಿ ಅಕ್ಷರಕ್ಕೆ ಅಕ್ಷರ ಒಂದೇ! ಎರಡನೆಯದರಲ್ಲಿ ನಮ್ಮ ಕೂಸು ಜಾಲಿಯ ನೆರಳಲ್ಲಿ ಮಲಗಿತ್ತು, ಅವರದು ಹಿಪ್ಪುನೇರಳೆಯ ನೆರಳಲ್ಲಿ. ಆಮೇಲಿನ ದೊಡ್ಡಮ್ಮನ ನುಡಿಗಳನ್ನು ಅಜ್ಜಿ ಕೇಳಿರಲಿಲ್ಲ, ಅಜ್ಜಿಯ ನುಡಿಗಳನ್ನು ದೊಡ್ಡಮ್ಮ ಕೇಳಿರಲಿಲ್ಲ. ಒಬ್ಬರ ಮುಖ ಇನ್ನೊಬ್ಬರು ಕಂಡವರಲ್ಲ. ಈ ಹಾಡು ಎಷ್ಟು ತಾಯಂದಿರ ಬಾಯಿಂದ ಎಷ್ಟು ಊರು ದಾಟಿ ಬಂದಿರಬೇಕು!

"ಅಕ್ಕಾ, ಆ ಕೊನೇದು ಇನ್ನೊಂದ್ಸಲ ಯೋಳು" ಅಂದಿತು ಮಡಕಶಿರ.

"ಹೇಳ್ತೀನಿ ತಡೀರಿ. ನಿಮ್ಮದೂ ನನಗ ಕಲಿಸ್ರಿ" ಅಂದಳು ದೊಡ್ಡಮ್ಮ.

ವಕೀಲರು ಅಭಿಪ್ರಾಯ ಬರೆಯಲು ಕಾಗದ ತೆಗೆದು, ಮತ್ತೆ ಮಡಚಿದರು. ಕೊನೆಗೆ, "ಅನುಮತಿ ಬೇಕು ಅಂತ ಬರದ್ರ, ಯಾರನ್ನ ಕೇಳ್ಬೇಕು ಅಂತ ಬರೀಲಿ?" ಅಂದರು.

ಹಾಡು ಯಾರದೋ ಇನ್ನೂ ತೀರ್ಮಾನವಾಗಿಲ್ಲ. ನನ್ನ ಫೋನ್ ಮಾತ್ರ ಇನ್ನೂ ಹಾಡು ಕಲಿಸಿಕೊಳ್ಳುತ್ತಿರುವ ಆ ಇಬ್ಬರದು ಅಂತ ಆಗಿಹೋಗಿದೆ. ಈ ಪೋಸ್ಟನ್ನು ವಕೀಲರ ಫೋನಿನಿಂದ ಹಾಕುತ್ತಿದ್ದೇನೆ, ಅವರ ಅನುಮತಿ ಪಡೆದು.