ಫ್ರಾಂಕನ ತಾಯಿಯ ಗ್ಲೌಸು

ಎಟೋಬಿಕೋಕಿನ ಧರ್ಮಾರ್ಥ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ನೀಲಾಂಬಿಕಾ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಜನ ಬೇಡವೆಂದು ಕೊಟ್ಟುಹೋದ ಸಾಮಾನುಗಳನ್ನು ಬೇರ್ಪಡಿಸಿ, ಮಾರುವಂಥದ್ದಕ್ಕೆ ಬೆಲೆಯ ಚೀಟಿ ಅಂಟಿಸಿ, ಉಳಿದದ್ದನ್ನು ರದ್ದಿಯ ತೊಟ್ಟಿಗೆ ಹಾಕುವುದು ಅವಳ ಕೆಲಸ. ಈ ದೇಶಕ್ಕೆ ಬರುವ ಮೊದಲು ಗದಗಿನಲ್ಲಿದ್ದಾಗ ಹೊಲಿಗೆ ಕ್ಲಾಸು ನಡೆಸಿದ ಹೆಂಗಸು. ಕೈಹೊಲಿಗೆ ಯಾವುದು, ಮಷೀನಿನದು ಯಾವುದು, ಬಿಚ್ಚಿ ಮತ್ತೆ ಹಾಕಿದ್ದು ಯಾವುದು ಎಂಬುದು ಅವಳ ಬೆರಳಿಗೇ ತಿಳಿಯುತ್ತಿತ್ತು. ಆ ಬೆರಳುಗಳನ್ನು ಹಳೆಯ ಬೇಸ್‌ಬಾಲ್ ಗ್ಲೌಸುಗಳ ಕಡೆಗೆ ತಿರುಗಿಸಿದವನು ಫ್ರಾಂಕ್.

ಫ್ರಾಂಕ್ ಎಂಬತ್ತಾರರ ಮುದುಕ. ಹೆಂಡತಿ ಸತ್ತಮೇಲೆ ಹತ್ತಿರದ ಹಳೆಯ ಬಂಗಲೆಯಲ್ಲಿ ಒಬ್ಬನೇ ಇದ್ದ. ಆರು ವರ್ಷದ ಹಿಂದೆ ಒಂದು ಮಂಗಳವಾರ, ಅಂಗಡಿಯಲ್ಲಿ ನಾಲ್ಕು ಡಾಲರಿಗೆ ಕೊಂಡ ಗ್ಲೌಸೊಂದನ್ನು ತಿರುಗಿ ತಂದು, ಇದಕ್ಕೆ ಬೆಲೆ ಹಾಕಿದವರನ್ನು ಕರೆಯಿರಿ ಎಂದ. ಬೈಗುಳ ಕಾದಿದೆ ಎಂದುಕೊಂಡು ನೀಲಾಂಬಿಕಾ ಹೊರಗೆ ಬಂದಳು. ಅವನು ಗ್ಲೌಸನ್ನು ಕೌಂಟರಿನ ಮೇಲಿಟ್ಟು, ಇದು ನಾನೂರು ಡಾಲರ್ ಬಾಳುತ್ತದೆ, ಅಂಗಡಿಗೆ ಮೋಸವಾಗಬಾರದು ಎಂದು ಹೇಳಿ ಹೊರಟುಹೋದ. ಮುಂದಿನ ಮಂಗಳವಾರ ಅವನು ಬಂದಾಗ ಅವಳು ತಾನಾಗಿಯೇ ಹೋಗಿ, ಅದು ಹೇಗೆ ಗೊತ್ತಾಯಿತು ಎಂದು ಕೇಳಿದಳು.

ಅಲ್ಲಿಂದ ಪಾಠ ಶುರುವಾಯಿತು. ಬೆರಳುಗಳನ್ನು ಒಂದಕ್ಕೊಂದು ದಾರದಿಂದ ಬಿಗಿಯದೆ ಬಿಡಿಯಾಗಿ ಬಿಟ್ಟಿದ್ದರೆ ಅದು ಹೆಚ್ಚಾಗಿ ಎರಡನೇ ಮಹಾಯುದ್ಧದ ಕಾಲದ್ದು, ಇಲ್ಲವೇ ಅದಕ್ಕೂ ಹಿಂದಿನದು. ಮಣಿಕಟ್ಟಿನ ಪಟ್ಟಿಯ ಮೇಲೆ ಬಟ್ಟೆಯ ಲೇಬಲ್ಲು ಹರಿಯದೆ ಉಳಿದಿದ್ದರೆ ಸಂಗ್ರಾಹಕರು ಮುಗಿಬೀಳುತ್ತಾರೆ. ಅಂಗೈಯಲ್ಲಿ ಒತ್ತಿದ ಆಟಗಾರನ ಹೆಸರು ಓದುವಂತಿರಬೇಕು. ಎಡಗೈಯಲ್ಲಿ ಎಸೆಯುವವರಿಗೆಂದು ಮಾಡಿದ್ದು ಕಡಿಮೆ ಸಿಗುತ್ತದೆ. ಯಾರೋ ಎಣ್ಣೆ ಸುರಿದಿದ್ದರೆ, ಪೋಣಿಸಿದ ಚರ್ಮದ ಲೇಸು ಬದಲಿಸಿದ್ದರೆ, ತೇಪೆ ಹಾಕಿದ್ದರೆ, ಬೂಷ್ಟು ಹಿಡಿದಿದ್ದರೆ ಬೆಲೆ ಬಿತ್ತು. ನೀಲಾಂಬಿಕಾ ಎಲ್ಲವನ್ನೂ ಕಲಿತಳು. ಬೇಸ್‌ಬಾಲ್ ಆಟ ಮಾತ್ರ ಅವಳಿಗೆ ಕೊನೆಗೂ ಅರ್ಥವಾಗಲಿಲ್ಲ.

ಹೋದ ಫೆಬ್ರವರಿಯಲ್ಲಿ ಎರಡು ಮಂಗಳವಾರ ಫ್ರಾಂಕ್ ಬರಲಿಲ್ಲ. ಹಿಮ ಜಾಸ್ತಿ ಇತ್ತು, ಅದಕ್ಕೇ ಇರಬೇಕು ಎಂದುಕೊಂಡಳು. ಎರಡನೆಯ ವಾರದ ಗುರುವಾರ ಯಾರದೋ ವ್ಯಾನಿನಿಂದ ಹದಿನೆಂಟು ಕಪ್ಪು ಚೀಲಗಳು ಬಂದವು. ಹೆಸರಿಲ್ಲ, ವಿಳಾಸವಿಲ್ಲ. ಹನ್ನೊಂದನೆಯದರಲ್ಲಿ ಒಂದು ಗ್ಲೌಸು ಇತ್ತು. ಕಪ್ಪಗಾಗಿ ಗಟ್ಟಿಯಾಗಿತ್ತು. ಅಂಗೈಗೆ ಬೇರೆ ಚರ್ಮದ ತೇಪೆ, ಲೇಸಿನ ಬದಲು ಬೂಟಿನ ದಾರ. ಮೂಗಿನ ಹತ್ತಿರ ಹಿಡಿದರೆ ಬೂಷ್ಟಿನ ವಾಸನೆ. ಅವಳು ಒಳಗೂ ಹೊರಗೂ ತಿರುಗಿಸಿ ನೋಡಿ, ಒಂದು ನಿಮಿಷವೂ ಆಗುವ ಮೊದಲೇ ರದ್ದಿಯ ತೊಟ್ಟಿಗೆ ಹಾಕಿದಳು.

ಭಾನುವಾರ ಫ್ರಾಂಕ್ ಫೋನು ಮಾಡಿದ. ಅಡುಗೆಮನೆಯಲ್ಲಿ ಬಿದ್ದು ಸೊಂಟ ಮುರಿದಿತ್ತು. ಮಗಳು ಲೊರೇನ್ ಅವನನ್ನು ನ್ಯೂಮಾರ್ಕೆಟ್ ಎಂಬ ಊರಿನ ಆರೈಕೆ ಮನೆಯೊಂದಕ್ಕೆ ಸೇರಿಸಿ, ಅವಸರದಲ್ಲಿ ಬಂಗಲೆ ಖಾಲಿ ಮಾಡಿಸಿದ್ದಳು. ಅಪ್ಪನ ಒಳ್ಳೆಯ ಗ್ಲೌಸುಗಳನ್ನೆಲ್ಲ ಜೋಪಾನವಾಗಿ ತಂದಿದ್ದಳು. ಒಂದನ್ನು ಬಿಟ್ಟು. ಅದು ಬೇಡದ ಸಾಮಾನಿನ ಚೀಲಗಳ ಜೊತೆ ನೀಲಾಂಬಿಕಾಳ ಅಂಗಡಿಗೆ ಹೋಗಿತ್ತು.

"ನನ್ನ ತಾಯಿಯದು, ಯಾರಿಗೂ ತೋರಿಸಿಲ್ಲ," ಎಂದ ಅವನು. "ಯುದ್ಧದ ಕಾಲದಲ್ಲಿ ಅವಳು ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದು, ಸಂಜೆ ಸರೋವರದ ದಂಡೆಯಲ್ಲಿ ಹೆಂಗಸರ ತಂಡಕ್ಕೆ ಆಡುತ್ತಿದ್ದಳು. ಚರ್ಮ ಸಿಗುತ್ತಿರಲಿಲ್ಲ. ಬೂಟು ಕತ್ತರಿಸಿ ತೇಪೆ ಹಾಕಿಕೊಂಡಳು, ಬೂಟಿನ ದಾರವನ್ನೇ ಪೋಣಿಸಿಕೊಂಡಳು. ನಿನ್ನ ಕಣ್ಣಿಗೆ ಬಿದ್ದರೆ ಎತ್ತಿಡು."

ನೀಲಾಂಬಿಕಾ ಹುಡುಕುತ್ತೇನೆ ಎಂದಷ್ಟೇ ಹೇಳಿ ಫೋನಿಟ್ಟಳು. ಗಂಡ ಶ್ರೀಕಾಂತ್ ಏನಾಯಿತೆಂದು ಕೇಳಿದ.

"ಅವರು ಕಲಿಸಿದ್ದನ್ನಽ ಹಿಡಕೊಂಡು ಅವರ ಅವ್ವನ ಗ್ಲೌಸು ಕಸಕ್ಕ ಹಾಕೇನಿ," ಎಂದಳು.

ಸೋಮವಾರ ಬೆಳಿಗ್ಗೆ ಅಂಗಡಿಗೆ ಓಡಿದಳು. ತೊಟ್ಟಿ ಖಾಲಿಯಾಗಿತ್ತು. ಶನಿವಾರದ ಲಾರಿ ರದ್ದಿಯನ್ನೆಲ್ಲ ವಿಟ್ಬಿ ಎಂಬ ಊರಿನ ಗೋದಾಮಿಗೆ ಒಯ್ದಿತ್ತು. ಅಲ್ಲಿ ಚರ್ಮದ ಸಾಮಾನನ್ನು ಯಂತ್ರದಲ್ಲಿ ಒತ್ತಿ, ಮೂಟೆ ಕಟ್ಟಿ, ಶುಕ್ರವಾರ ಕಂಟೇನರಿಗೆ ತುಂಬಿ ಹೊರದೇಶಕ್ಕೆ ಕಳಿಸುತ್ತಾರೆಂದು ಮ್ಯಾನೇಜರು ಹೇಳಿದ. ಅವಳು ರಜೆ ಹಾಕಿ, ಗೋ ಎಂಬ ಲೋಕಲ್ ಟ್ರೈನು ಹಿಡಿದು ವಿಟ್ಬಿಗೆ ಹೋದಳು. ಗೇಟಿನಲ್ಲಿದ್ದವನು ಒಳಗೆ ಬಿಡಲಿಲ್ಲ. ಹಿಮದಲ್ಲಿ ನಿಂತು ಗಂಡನಿಗೆ ಫೋನಿನಲ್ಲಿ ಹೇಳುತ್ತ ಅತ್ತಳು. ಆಗ ಕಾರಿನಿಂದ ಇಳಿಯುತ್ತಿದ್ದ ಹೆಂಗಸೊಬ್ಬಳು ಆ ಕನ್ನಡ ಕೇಳಿ ಹತ್ತಿರ ಬಂದಳು. ಅವಳು ಮಂಡ್ಯದ ಹೇಮಶ್ರೀ, ಗೋದಾಮಿನ ಹಗಲು ಶಿಫ್ಟಿನ ಸೂಪರ್‌ವೈಸರು. ತನ್ನ ಜವಾಬ್ದಾರಿಯ ಮೇಲೆ, ಕಿತ್ತಳೆ ಬಣ್ಣದ ಜಾಕೆಟ್ಟು ತೊಡಿಸಿ ಒಳಗೆ ಕರೆದೊಯ್ದಳು.

ಒಳಗೆ ಬೂಟು, ಬೆಲ್ಟು, ಕೈಚೀಲಗಳು ಆಳೆತ್ತರದ ತಂತಿಯ ಬೋನುಗಳಲ್ಲಿ ಸಾಲುಸಾಲಾಗಿ ತುಂಬಿದ್ದವು. ಊರೂರಿನ ಅಂಗಡಿಗಳ ರದ್ದಿ ಒಂದರಲ್ಲೊಂದು ಬೆರೆತುಹೋಗಿತ್ತು. ಐದು ದಿನ ನೀಲಾಂಬಿಕಾ ಆ ಬೋನುಗಳೊಳಗೆ ಇಳಿದು ಹುಡುಕಿದಳು. ಕೈಗವಸಿದ್ದರೆ ಚರ್ಮದ ಗುರುತು ಸಿಗುವುದಿಲ್ಲವೆಂದು ಬರಿಗೈಯಲ್ಲೇ ತಡಕಿದಳು. ಬಕಲ್ಲುಗಳು ತಾಗಿ ಬೆರಳುಗಳು ಕುಯ್ದುಹೋದವು. ಗ್ಲೌಸುಗಳು ಸಿಕ್ಕವು, ಮೂವತ್ತಕ್ಕೂ ಹೆಚ್ಚು. ಪ್ರತಿಯೊಂದರ ಹೊಲಿಗೆ ಮುಟ್ಟಿದ ಕೂಡಲೇ ಅಲ್ಲವೆಂದು ತಿಳಿಯುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಕಂಟೇನರಿನ ಬಾಗಿಲು ಹಾಕಿದರು. ಹೇಮಶ್ರೀ ಅವಳನ್ನು ಬೋನಿನಿಂದ ಕೈಹಿಡಿದು ಹತ್ತಿಸಿಕೊಂಡಳು.

"ಅಕ್ಕಾ, ಸೋಮವಾರ ನೀವು ಬರೋಕ್ ಮುಂಚೇನೇ ಆರು ಮೂಟೆ ಒತ್ತಿಬಿಟ್ಟಿದ್ರು. ಮೊದಲ ದಿನಾನೇ ಹೇಳ್ಬೇಕಿತ್ತು, ನಿಮ್ಮ ಮುಖ ನೋಡಿ ಬಾಯೇ ಬರ್ಲಿಲ್ಲ. ಅದ್ರಲ್ಲಿ ಇದ್ರೆ, ಹೋಯ್ತು."

ಅದೇ ಸಂಜೆ ಲೊರೇನಳ ಫೋನು ಬಂತು. ಅಪ್ಪನ ಎದೆಯಲ್ಲಿ ನೀರು ತುಂಬಿದೆ, ದಿನವೂ ನಿಮ್ಮನ್ನೇ ಕೇಳುತ್ತಾನೆ, ಭಾನುವಾರ ಬರಲಾದೀತೇ ಎಂದಳು. ನೀಲಾಂಬಿಕಾ ಒಪ್ಪಿಕೊಂಡಳು. ವಿಟ್ಬಿಯಿಂದ ಅವಳು ಬರಿಗೈಯಲ್ಲಿ ಬಂದಿರಲಿಲ್ಲ. ಅದೇ ಅಳತೆಯ, ಬೆರಳುಗಳು ಬಿಡಿಯಾಗಿದ್ದ ಗ್ಲೌಸೊಂದನ್ನು ಹೇಮಶ್ರೀಯಿಂದ ಕೇಳಿ ತಂದಿದ್ದಳು. ಯಾಕೆ ತಂದೆನೆಂದು ಆಗ ತನಗೇ ಹೇಳಿಕೊಂಡಿರಲಿಲ್ಲ. ಶನಿವಾರ ಬೆಳಿಗ್ಗೆ ಊಟದ ಮೇಜಿನ ಮುಂದೆ ಕುಳಿತು ಅದರ ಲೇಸು ಬಿಚ್ಚಿದಳು. ಗಂಡನ ಹಳೆಯ ಬೂಟಿನ ನಾಲಿಗೆ ಕತ್ತರಿಸಿ ತೇಪೆ ಹಾಕಿದಳು. ಬೂಟಿನ ದಾರವನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ ಪೋಣಿಸಿದಳು. ಯಾವ ಯಾವ ಗುರುತಿನಿಂದ ನಕಲು ಸಿಕ್ಕಿಬೀಳುತ್ತದೆಂದು ಫ್ರಾಂಕನೇ ಕಲಿಸಿದ್ದ. ಅವನ್ನೆಲ್ಲ ಒಂದೊಂದಾಗಿ ಮುಚ್ಚಿದಳು.

ಶ್ರೀಕಾಂತ್ ಅದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. "ಖರೇದರಂಗಽ ಆಗೇತಿ," ಎಂದ. "ಒಯ್ಯಬ್ಯಾಡ."

"ಬರಿಗೈಲೆ ಹ್ಯಾಂಗ ಹೋಗ್ಲಿ?" ಎಂದಳು.

ಆರೈಕೆ ಮನೆಯ ಕೋಣೆಯಲ್ಲಿ ಫ್ರಾಂಕ್ ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿಕೊಂಡು ದಿಂಬಿಗೆ ಒರಗಿದ್ದ. ಗ್ಲೌಸನ್ನು ಕಂಡು ಅವನ ಮುಖ ಬೆಳಗಿದ್ದನ್ನು ಅವಳು ನೋಡಿದಳು. ಲೊರೇನ್ ಕಣ್ಣೊರೆಸಿಕೊಳ್ಳುತ್ತ, ಇಬ್ಬರನ್ನೂ ಬಿಟ್ಟು ಕಾಫಿ ತರಲು ಹೋದಳು. ಅವನು ಗ್ಲೌಸಿನೊಳಗೆ ಕೈ ಹಾಕಿದ. ಕೈ ಹಾಗೇ ನಿಂತಿತು. ಮೆಲ್ಲಗೆ ಹೊರಗೆ ತೆಗೆದು, ತೇಪೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ.

"ಹೊಲಿಗೆ ತುಂಬ ಚೆನ್ನಾಗಿದೆ," ಎಂದ. "ನನ್ನ ತಾಯಿಗೆ ಹೊಲಿಗೆ ಬರುತ್ತಿರಲಿಲ್ಲ."

ನೀಲಾಂಬಿಕಾ ಎಲ್ಲವನ್ನೂ ಹೇಳಿದಳು. ಹನ್ನೊಂದನೆಯ ಚೀಲ, ತೊಟ್ಟಿ, ವಿಟ್ಬಿ, ಆರು ಮೂಟೆ, ಊಟದ ಮೇಜು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡು ಕೇಳಿದ. ಅವಳು ಎದ್ದು ಕೋಟು ಹಾಕಿಕೊಳ್ಳುವಾಗ, ಕುಳಿತುಕೋ ಎಂದ.

"ನೀನು ಅದನ್ನು ಕೈಯಲ್ಲಿ ಹಿಡಿದಿದ್ದೀಯಲ್ಲ. ಏನೇನು ನೋಡಿದೆ, ಹೇಳು."

ಅವಳು ಕಣ್ಣು ಮುಚ್ಚಿದಳು. ಎಡಗೈಗೆ ಹಾಕುವಂಥದ್ದು, ಹೆಬ್ಬೆರಳು ಹೊರಗೆ ಬಾಗಿತ್ತು. ಪಟ್ಟಿಯ ಗುಂಡಿ ಹೋಗಿತ್ತು, ಅಲ್ಲಿ ಬೇರೆಯದು ಹಚ್ಚಿದ್ದರು, ಕೋಟಿನ ಗುಂಡಿ, ಹಸಿರು. ತೇಪೆಗೆ ಸೊಟ್ಟಸೊಟ್ಟ ಒಂಬತ್ತು ಹೊಲಿಗೆ. ಒಳಗೆ ಮಣಿಕಟ್ಟಿನ ಹತ್ತಿರ ಶಾಯಿಯಲ್ಲಿ ಬರೆದ ಎರಡು ಅಕ್ಷರ. ಮೊದಲನೆಯದು ಎಚ್, ಇನ್ನೊಂದು ಅಳಿಸಿತ್ತು. ಕಿರುಬೆರಳಿನ ತುದಿ ಸವೆದು ತೂತು ಬಿದ್ದಿತ್ತು. ನೋಡಿದ್ದು ಒಂದು ನಿಮಿಷವೂ ಅಲ್ಲ. ಹೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅವಳು ನಿಲ್ಲಿಸಿದಾಗ ಫ್ರಾಂಕನ ಕಿವಿಯ ತನಕ ಕಣ್ಣೀರು ಇಳಿದಿತ್ತು.

ಹೊರಗೆ ಹೆಜ್ಜೆಯ ಸಪ್ಪಳ ಕೇಳಿತು. ಅವನು ನಕಲಿ ಗ್ಲೌಸನ್ನು ಎಳೆದು ಎದೆಯ ಮೇಲಿಟ್ಟುಕೊಂಡ. "ಚೀಲ ಕಟ್ಟಿಸಿದವಳು ನನ್ನ ಮಗಳು. ಅವಳಿಗೆ ಗೊತ್ತಾಗಬಾರದು," ಎಂದ. ನನ್ನನ್ನು ಕ್ಷಮಿಸಿದಿರೇ ಎಂದು ಕೇಳಲು ಅವಳಿಗೆ ಸಮಯ ಸಿಗಲಿಲ್ಲ. ಆಮೇಲೆ ಧೈರ್ಯ ಬರಲಿಲ್ಲ.

ಇನ್ನೆರಡು ಭಾನುವಾರ ಹೋದಳು. ಎರಡು ಸಲವೂ, ಮಗಳು ಹೊರಗೆ ಹೋದಾಗ, ಅವನು ತಾಯಿಯ ಗ್ಲೌಸಿನ ವಿವರವನ್ನು ಮೊದಲಿನಿಂದ ಹೇಳಿಸಿಕೊಂಡ. ಅದರ ಮುಂದಿನ ಭಾನುವಾರದ ಹೊತ್ತಿಗೆ ಅವನು ತೀರಿಕೊಂಡಿದ್ದ.

ಶವಸಂಸ್ಕಾರದ ದಿನ ಲೊರೇನ್ ಆ ಗ್ಲೌಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತಂದಿದ್ದಳು. ಜನರೆದುರು ನೀಲಾಂಬಿಕಾಳ ಕೈಹಿಡಿದು, ಇವರಿಲ್ಲದಿದ್ದರೆ ಅಜ್ಜಿಯ ಗ್ಲೌಸು ಹೋಗಿಯೇಬಿಡುತ್ತಿತ್ತು ಎಂದಳು. ಇದಕ್ಕೆ ಎಷ್ಟು ಬೆಲೆ ಬಂದೀತು, ಮಾರಲಿಕ್ಕಲ್ಲ, ಸುಮ್ಮನೆ ತಿಳಿಯಲಿಕ್ಕೆ ಎಂದು ಕೇಳಿದಳು. ಗಾಜಿನೊಳಗೆ ತನ್ನದೇ ಅಚ್ಚುಕಟ್ಟಾದ ಹೊಲಿಗೆ ಕಾಣುತ್ತಿತ್ತು. ಯಾರಿಗೂ ತೋರಿಸಬೇಡಿ, ಮನೆಯಲ್ಲೇ ಇಟ್ಟುಕೊಳ್ಳಿ ಎಂದಷ್ಟೇ ಅವಳು ಹೇಳಿದಳು. ಲೊರೇನ್ ಅವಳನ್ನು ಅಪ್ಪಿಕೊಂಡಳು.

ಈಗಲೂ ತಿಂಗಳಿಗೊಂದು ಶನಿವಾರ ನೀಲಾಂಬಿಕಾ ವಿಟ್ಬಿಗೆ ಹೋಗುತ್ತಾಳೆ. ಸಿಗುವುದಿಲ್ಲವೆಂದು ಹೇಮಶ್ರೀಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಹೇಮಶ್ರೀ ಅವಳಿಗೊಂದು ಜಾಕೆಟ್ಟು ತೆಗೆದಿಟ್ಟಿರುತ್ತಾಳೆ.